ಖಂಡನೆಯ ತರತಮ

ಪ್ರಶ್ನೆ: ಇಂಗ್ಲಿಷಿನ ‘ರಿಬ್ಯೂಕ್’, ‘ಸೆನ್ಶರ್’, ‘ಕಂಡೆಮ್’ ಎಂಬೀ ಶಬ್ದಗಳಲ್ಲಿ ಭೇದವುಂಟೆ?

ಉತ್ತರ: ಉಂಟು. ತಪ್ಪುಗೈದವನನ್ನು ಎದುರಿಗೇ ಬಿರುಸಾಗಿ ಗದರುವುದು ‘ರಿಬ್ಯೂಕ್’. ‘ಸೆನ್ಶರ್’ ಆದರೋ (ಚಲನಚಿತ್ರದ ‘ಸೆನ್ಸಾರ್’ ಬೇರೆ), ಅಧಿಕಾರವುಳ್ಳ ಸಭೆಯೊಂದು ವಿಧಿವತ್ತಾಗಿ ನಿರ್ಣಯಿಸಿ ದಾಖಲಿಸುವ ಛೀಮಾರಿಯಾದುದರಿಂದ, ಅಮೆರಿಕದ ಸೆನೆಟ್ 1834ರಲ್ಲಿ ಅಧ್ಯಕ್ಷ ಆಂಡ್ರೂ ಜಾಕ್ಸನನ ಮೇಲೆ ಅದನ್ನು ಹೊರಿಸಲು, ಆತನ ಪಕ್ಷದವರು ಪಟ್ಟುಬಿಡದೆ ಹೆಣಗಿ, 1837ರಲ್ಲಿ ನಡವಳಿಯ ಪುಸ್ತಕದೊಳಗಿನ ಆ ನಿರ್ಣಯದ ಸುತ್ತ ಕಪ್ಪು ಗೆರೆಯೆಳೆಸಿ, ಅದು ರದ್ದಾಯಿತೆಂದು ಬರೆಯಿಸಿದರು. ‘ಕಂಡೆಮ್’ ಇನ್ನೂ ಉಗ್ರ. ನ್ಯಾಯಾಧೀಶನ ದಂಡನೆಯ ಛಾಯೆ ಅದಕ್ಕುಂಟು. ವಿನೋದವೆಂದರೆ, 1954ರಲ್ಲಿ ಸೆನೆಟ್ ಸದಸ್ಯ ಜೋಸೆಫ್ ಮೆಕಾರ್ಥಿಯ ವಿರುದ್ಧ ಅದೇ ಸೆನೆಟ್ 67–22 ಮತಗಳಿಂದ ಅಂಗೀಕರಿಸಿದ ನಿರ್ಣಯದಲ್ಲಿ ‘ಕಂಡೆಮ್’ ಎಂದಿದ್ದುದನ್ನೇ ಆಧಾರಮಾಡಿಕೊಂಡು, ಇದು ‘ಸೆನ್ಶರ್’ ಅಲ್ಲವೆಂದು ಆತನ ಬೆಂಬಲಿಗರು ಸಮಾಧಾನಪಟ್ಟುಕೊಂಡರು.