ಕರ್ಣನಾದದ ಚಿಕಿತ್ಸೆಯಲ್ಲಿ ರೋಗಿಯ ಪಾಲು

ಹೊರಗೆ ಶಬ್ದವೇನೂ ಇಲ್ಲದಿರುವಾಗಲೂ ಕಿವಿಯಲ್ಲಿಯೋ ತಲೆಯಲ್ಲಿಯೋ ಗುಂಯ್‌ಗುಡುವ, ಸಿಳ್ಳಿಡುವ ಅಥವಾ ಮೊರೆಯುವ ಸದ್ದು ಕೇಳಿಸುವುದಕ್ಕೆ ಕರ್ಣನಾದವೆಂದು ಹೆಸರು. ಪಾಶ್ಚಾತ್ಯ ವೈದ್ಯರು ಇದನ್ನು ಟಿನ್ನಿಟಸ್ ಎನ್ನುತ್ತಾರೆ. ನಮ್ಮಲ್ಲಿ ಇದರ ಪರಿಚಯ ಹಳೆಯದು. ಸುಶ್ರುತಸಂಹಿತೆಯ ಉತ್ತರತಂತ್ರವು ಎಣಿಸುವ 28 ಕರ್ಣರೋಗಗಳಲ್ಲಿ ಇದೂ ಒಂದು. ಬಹುಮಟ್ಟಿಗೆ ಈ ಸದ್ದು ರೋಗಿಯೊಬ್ಬನಿಗೇ ಕೇಳಿಸತಕ್ಕದ್ದು. ಜ್ವರವನ್ನು ಅಳೆಯುವಂತೆ ಇದರ ಬಾಧೆಯನ್ನು ಅಳೆಯುವ ಉಪಕರಣ ವೈದ್ಯನಲ್ಲಿಲ್ಲ. ಹಾಗಾದರೆ ತಕ್ಕ ಚಿಕಿತ್ಸೆ ಯಾವುದೆಂದು ನಿರ್ಣಯಿಸಬೇಕಾದವರು ಯಾರು?

ಇತಿಹಾಸದ ಒಂದು ನಿದರ್ಶನವನ್ನು ನೋಡೋಣ. ಸಂಗೀತಗಾರ ಬೀಥೋವನ್ 1801ರಲ್ಲಿ, ಸ್ವತಃ ವೈದ್ಯನಾಗಿದ್ದ ತನ್ನ ಗೆಳೆಯ ವೆಗೆಲರ್‌ಗೆ ಬರೆದ ಪತ್ರಗಳಲ್ಲಿ, ಹಗಲಿರುಳೂ ತನ್ನ ಕಿವಿ ಮೊರೆಯುತ್ತಿರುವುದನ್ನು ತಿಳಿಸಿದ್ದಾನೆ. ವೆರಿಂಗ್ ಎಂಬ ವೈದ್ಯನು ಅವನ ತೋಳುಗಳಿಗೆ ಬೊಕ್ಕೆಯೇಳಿಸುವ ತೊಗಟೆಯನ್ನು ಕಟ್ಟುತ್ತಿದ್ದನು. ಮೊರೆತ ಸ್ವಲ್ಪ ತಗ್ಗಿತೆಂದು ಬೀಥೋವನ್ ಒಪ್ಪುತ್ತಾನೆ. ಆದರೆ ಪ್ರತಿಸಲವೂ ಒಂದೆರಡು ದಿನ ಕೈಗಳನ್ನು ಸರಾಗವಾಗಿ ಆಡಿಸಲಾಗದೆಂದು ದೂರುತ್ತಾನೆ. ಪಿಯಾನೊ ನುಡಿಸಿ ಬಾಳುವವನಿಗೆ ಕೈಯ ಬೆಲೆ ಎಷ್ಟೆಂಬುದನ್ನು ತೊಗಟೆಯ ಗುಣವನ್ನು ಬಲ್ಲವನು ಹೇಳಲಾರ, ಕೈಯುಳ್ಳವನೇ ಹೇಳಬೇಕು.

ಈಚಿನ ಸಂಶೋಧನೆಗಳು ಇದೇ ಮಾತನ್ನು ಬೇರೊಂದು ದಾರಿಯಿಂದ ಸಮರ್ಥಿಸುತ್ತವೆ. 1953ರಲ್ಲಿ ಹೆಲರ್ ಮತ್ತು ಬರ್ಗ್‌ಮನ್ ಎಂಬವರು ಕಿವಿ ಚೆನ್ನಾಗಿದ್ದ 80 ಮಂದಿಯನ್ನು ನಿಶ್ಶಬ್ದವಾದ ಕೋಣೆಯಲ್ಲಿ ಕುಳ್ಳಿರಿಸಿದಾಗ ನೂರಕ್ಕೆ 94ರಷ್ಟು ಜನರಿಗೆ ಒಂದಲ್ಲ ಒಂದು ಸದ್ದು ಕೇಳಿಸಿತು. ಸದ್ದು ಕೇಳಿಸುವುದೇ ಸಂಕಟವಲ್ಲವೆಂಬುದು ಇದರಿಂದ ಸ್ಪಷ್ಟ. 1990ರಲ್ಲಿ ಜಾಸ್ಟ್ರೆಬಾಫ್ ಮಂಡಿಸಿದ ವಾದದ ಪ್ರಕಾರ, ಮೆದುಳಿನಲ್ಲಿ ಭಯ-ಉದ್ವೇಗಗಳಿಗೆ ಸಂಬಂಧಿಸಿದ ಭಾಗಗಳು ಆ ಸದ್ದಿಗೆ ಓಗೊಟ್ಟಾಗ ಅದು ಸಂಕಟವಾಗುತ್ತದೆ.

ಆದರೆ ಎಲ್ಲವೂ ರೋಗಿಯ ಆಯ್ಕೆಗೆ ಬಿಟ್ಟದ್ದಲ್ಲ. ಕಿವಿ ಹಠಾತ್ತಾಗಿ ಕೇಳಿಸದೆ ಹೋದರೆ ತಡಮಾಡದೆ ಚಿಕಿತ್ಸೆಯಾಗಬೇಕು. ಸದ್ದು ಒಂದೇ ಕಿವಿಯಲ್ಲಿದ್ದರೆ ಅಥವಾ ನಾಡಿಯೊಡನೆ ಮಿಡಿಯುತ್ತಿದ್ದರೆ ಕಾರಣವನ್ನು ಶೋಧಿಸಬೇಕು. ಇದು ವೈದ್ಯನ ಹೊಣೆ. ಗುಣವಾಗದ ಔಷಧಗಳಿಗೆ ಹಣ ತೆರದಂತೆ ಎಚ್ಚರಿಸುವುದೂ ಅವನ ಹೊಣೆಯೇ. ಗಿಂಕೊ ಎಲೆಯ ಸಾರ, ಸತುವು ಮೊದಲಾದವನ್ನು ಕರ್ಣನಾದಕ್ಕೆಂದು ಸೂಚಿಸಬಾರದೆಂದು ಅಮೆರಿಕದ ಕರ್ಣವೈದ್ಯರ ಸಂಸ್ಥೆ 2014ರಲ್ಲಿಯೂ, ಬೀಟಾಹಿಸ್ಟೀನ್ ಕೊಡಬಾರದೆಂದು ಇಂಗ್ಲೆಂಡಿನ ನೈಸ್ ಸಂಸ್ಥೆ 2020ರಲ್ಲಿಯೂ ವಿಧಿಸಿವೆ.

ಇದಾದ ಮೇಲೆ ಆಯ್ಕೆಯ ಮಾತು. ಸದ್ದನ್ನು ಪೂರ್ತಿ ಅಳಿಸುವ ಸಿದ್ಧೌಷಧವಿಲ್ಲ. ಬಾಧೆಯನ್ನು ತಗ್ಗಿಸುವ ದಾರಿಗಳು ಮಾತ್ರ ಹಲವು. ಕಿವಿ ಮಂದವಾಗಿರುವ ಅಧ್ಯಾಪಕನಿಗೆ ತರಗತಿಯ ಮಾತು ಕೇಳಿಸುವುದು ಮುಖ್ಯ. ಅವನಿಗೆ ಶ್ರವಣಯಂತ್ರ ಒದಗೀತು. ರಾತ್ರಿಯ ಮೌನದಲ್ಲಿ ನಿದ್ದೆ ಬಾರದ ವಿದ್ಯಾರ್ಥಿಗೆ ಫ್ಯಾನಿನ ಮೆಲುಸದ್ದೇ ಆಸರೆಯಾದೀತು. ಭಯ ಕಾಡುವವನಿಗೆ, ಸದ್ದನ್ನು ಕುರಿತ ಎಣಿಕೆಗಳನ್ನೂ ಅಭ್ಯಾಸಗಳನ್ನೂ ತಿದ್ದುವ ಮನೋಚಿಕಿತ್ಸೆಯುಂಟು. ಬಾಧೆಯನ್ನು ತಗ್ಗಿಸುವುದರಲ್ಲಿ ಇದಕ್ಕಿರುವ ಆಧಾರ ಬಲವಾದುದು, ಆದರೆ ಅದು ಹಲವು ವಾರಗಳ ಬಿಡುವನ್ನೂ ಶ್ರಮವನ್ನೂ ಬೇಡುತ್ತದೆ. ಸದ್ದು ಅಪಾಯಕರವಲ್ಲವೆಂದು ತಿಳಿದೊಡನೆ ನೆಮ್ಮದಿ ಹೊಂದುವವರೂ ಇದ್ದಾರೆ. ಅವರ ಪಾಲಿಗೆ ಬೇರೆ ಚಿಕಿತ್ಸೆ ಬೇಡವೆಂಬುದೂ ಒಂದು ಯುಕ್ತವಾದ ನಿರ್ಣಯವೇ.

1982ರಲ್ಲಿ ಅಮೆರಿಕದ ಅಧ್ಯಕ್ಷರು ನೇಮಿಸಿದ್ದ ಆಯೋಗವೊಂದು ಇಂಥ ಕೂಡುನಿರ್ಣಯವನ್ನು ವೈದ್ಯ-ರೋಗಿಗಳ ಸಂಬಂಧದ ಆದರ್ಶವೆಂದು ಎತ್ತಿಹಿಡಿಯಿತು. ಅದರ ಕ್ರಮ ಸರಳ: ವೈದ್ಯನು ಪ್ರತಿಯೊಂದು ದಾರಿಯ ಫಲ, ವೆಚ್ಚ, ತೊಂದರೆಗಳನ್ನು ಮರೆಮಾಚದೆ ತಿಳಿಸುವುದು, ರೋಗಿಯು ತನ್ನ ಬದುಕಿನಲ್ಲಿ ಸದ್ದು ಏನನ್ನು ಕೆಡಿಸಿದೆಯೆಂದು ತಿಳಿಸುವುದು, ಇಬ್ಬರೂ ಕೂಡಿ ಒಂದನ್ನು ಆರಿಸಿ, ಕೆಲಕಾಲದ ಮೇಲೆ ಮತ್ತೆ ಪರಿಶೀಲಿಸುವುದು. ಪುರಾವೆ ಬಲ್ಲವನೊಬ್ಬ, ಬಾಧೆ ಬಲ್ಲವನೊಬ್ಬ. ಒಬ್ಬರ ತಿಳಿವು ಇನ್ನೊಬ್ಬರದಕ್ಕೆ ಬದಲಿಯಾಗಲಾರದು. ಆದುದರಿಂದಲೇ ನಿರ್ಣಯವೂ ಇಬ್ಬರದಾಗಬೇಕು.