ಅಂಗಡಿ ವೈಫೈ ಪದೇ ಪದೇ ಸಾಯ್ತಿದ್ಯಾ? ಮೊದಲು ಸ್ವಿಚ್ಚಿನ ಲೈಟ್ ನೋಡಿ

ಸಂತೆ ದಿನ, ಕೌಂಟರ್ ಮುಂದೆ ಗಿರಾಕಿಗಳು ನಿಂತಿದ್ದಾರೆ. ಮೊಬೈಲಿನಲ್ಲಿ ವೈಫೈ ಸಿಗ್ನಲ್ ಫುಲ್ ಇದೆ, ಆದರೆ ಫೋನ್‌ಪೇಯಲ್ಲಿ ದುಡ್ಡು ಬಂತೋ ಇಲ್ವೋ ತೋರಿಸ್ತಿಲ್ಲ. ರೂಟರ್ ಆಫ್ ಮಾಡಿ ಆನ್ ಮಾಡಿದರೆ ಎರಡು ನಿಮಿಷ ಸರಿ, ಆಮೇಲೆ ಮತ್ತೆ ಅದೇ ಕಥೆ. ಹೀಗಾದಾಗ ಎಲ್ಲರೂ ಬೈಯೋದು ಇಂಟರ್ನೆಟ್ ಕಂಪನಿಗೆ. ಎಷ್ಟೋ ಸಲ ತೊಂದರೆ ಇರುವುದು ಅಂಗಡಿಯೊಳಗೇ.

ಕಂಪನಿಯ ಬಾಕ್ಸಿನಲ್ಲಿ 'ಎಲ್ಒಎಸ್' ಲೈಟ್ ಕೆಂಪಗೆ ಉರೀತಿದ್ದರೆ ಫೈಬರ್ ಸಿಗ್ನಲ್ ಬರುತ್ತಿಲ್ಲ ಎಂದರ್ಥ. ಆಗ ಫೋನ್ ಮಾಡುವುದೊಂದೇ ದಾರಿ. ಅದು ಸರಿಯಿದ್ದರೆ, ಸಿಸಿಟಿವಿ, ಬಿಲ್ಲಿಂಗ್ ಕಂಪ್ಯೂಟರ್‌ಗಳ ಕೇಬಲ್ ಸೇರಿರುವ ಸ್ವಿಚ್ ನೋಡಿ. ಎಲ್ಲ ಲೈಟುಗಳೂ ಬಿಡುವಿಲ್ಲದೆ ಒಟ್ಟಿಗೆ ಪಟಪಟ ಮಿನುಗುತ್ತಿದ್ದರೆ ಒಳಗೆ 'ಲೂಪ್' ಆಗಿರುವ ಸಾಧ್ಯತೆ ಜಾಸ್ತಿ.

ಲೂಪ್ ಅಂದರೆ ಒಂದೇ ಕೇಬಲ್ಲಿನ ಎರಡೂ ತುದಿ ಅದೇ ಸ್ವಿಚ್ಚಿಗೆ ಸೇರಿಬಿಡುವುದು. ಆಯುಧಪೂಜೆಗೆ ಅಂಗಡಿ ಒರೆಸುವಾಗ ಯಾರೋ ಹುಡುಗ, ಖಾಲಿ ಬಿದ್ದ ತುದಿ ಕಂಡು ಖಾಲಿ ತೂತಿಗೆ ಚುಚ್ಚಿರುತ್ತಾನೆ, ಅಷ್ಟೇ. ವೈಫೈ ಎಕ್ಸ್‌ಟೆಂಡರನ್ನು ಕೇಬಲ್ಲಿಗೂ ಹಾಕಿ, ಗಾಳಿಯಲ್ಲೂ ಅದೇ ರೂಟರ್‌ಗೆ ಸೇರಿಸಿದರೂ ಹೀಗಾಗಬಹುದು. 'ಎಲ್ಲರಿಗೂ' ಎಂದು ಒಂದು ಯಂತ್ರ ಕಳಿಸುವ ಸಂದೇಶವನ್ನು ಸ್ವಿಚ್ ಎಲ್ಲ ಕಡೆಗೂ ದಾಟಿಸುತ್ತದೆ. ಲೂಪ್ ಇದ್ದರೆ ಅದೇ ಸಂದೇಶ ತಿರುಗಿ ಬರುತ್ತದೆ, ಸ್ವಿಚ್ ಮತ್ತೆ ಕಳಿಸುತ್ತದೆ. ಇಷ್ಟು ಸುತ್ತು ಆದ ಮೇಲೆ ನಿಲ್ಲು ಅನ್ನೋ ಲೆಕ್ಕ ಈಥರ್ನೆಟ್‌ನಲ್ಲಿ ಇಲ್ಲ. ಇದನ್ನು ತಡೆಯಲು ರೇಡಿಯಾ ಪರ್ಲ್‌ಮನ್ 1985ರಲ್ಲೇ 'ಸ್ಪ್ಯಾನಿಂಗ್ ಟ್ರೀ' ವಿಧಾನ ಕಂಡುಹಿಡಿದರು. ಆದರೆ ಅಂಗಡಿಗಳಲ್ಲಿ ಹಾಕುವ ಅಗ್ಗದ ಸ್ವಿಚ್ಚುಗಳಲ್ಲಿ ಸಾಮಾನ್ಯವಾಗಿ ಅದು ಇರಲ್ಲ.

ಮೊದಲ ಪೆಟ್ಟು ವೈಫೈಗೇ ಯಾಕೆ? 'ಎಲ್ಲರಿಗೂ' ಎನ್ನುವ ಸಂದೇಶವನ್ನು ವೈಫೈ ತನ್ನ ನಿಧಾನದ ವೇಗದಲ್ಲೇ ಕಳಿಸುತ್ತದೆ, ದೂರದ ಮೊಬೈಲಿಗೂ ಮುಟ್ಟಲಿ ಅಂತ. ಅಂಥವು ರಾಶಿ ಬಿದ್ದರೆ ಬೇರೆಯವರ ಸರದಿ ಬರುವುದೇ ಇಲ್ಲ.

ಪತ್ತೆ ಮಾಡುವುದು ಸುಲಭ. ರೂಟರ್‌ನಿಂದ ಸ್ವಿಚ್ಚಿಗೆ ಹೋಗುವ ಕೇಬಲ್ ಕೀಳಿ. ವೈಫೈ ಚುರುಕಾಯಿತೇ? ಹಾಗಾದರೆ ತಪ್ಪು ಸ್ವಿಚ್ಚಿನ ಕಡೆ. ಈಗ ಸ್ವಿಚ್ಚಿನ ಕೇಬಲ್‌ಗಳನ್ನು ಒಂದೊಂದಾಗಿ ತೆಗೆಯಿರಿ, ಪ್ರತಿ ಸಲ ಹತ್ತು ಸೆಕೆಂಡ್ ಕಾಯಿರಿ. ಯಾವುದನ್ನು ಕಿತ್ತಾಗ ಲೈಟುಗಳ ಆರ್ಭಟ ನಿಲ್ಲುತ್ತೋ ಆ ಕೇಬಲ್ ಹಿಡಿದು ಇನ್ನೊಂದು ತುದಿ ಹುಡುಕಿ.

ಲೂಪ್ ಇಲ್ಲದೆಯೂ ನೆಟ್ ನಿಧಾನವಾದರೆ ಕಂಪ್ಯೂಟರಿನಿಂದ ರೂಟರ್‌ಗೆ 'ಪಿಂಗ್' ಮಾಡಿ ನೋಡಿ. ವಿಳಾಸ ರೂಟರ್ ಕೆಳಗಿನ ಸ್ಟಿಕ್ಕರ್‌ನಲ್ಲಿರುತ್ತದೆ. ಕೇಬಲ್ಲಿನಲ್ಲಿ ಒಂದೆರಡು ಮಿಲಿಸೆಕೆಂಡಿಗೆ ಉತ್ತರ ಬಂದು, ವೈಫೈನಲ್ಲಿ ಮಾತ್ರ ಏರುಪೇರಾದರೆ ಅಕ್ಕಪಕ್ಕದ ಅಂಗಡಿಗಳ ವೈಫೈ ಗಲಾಟೆ ಇರಬಹುದು. 2.4 ಗಿಗಾಹರ್ಟ್ಸ್‌ನಲ್ಲಿ 1, 6, 11ನೇ ಚಾನೆಲ್‌ಗಳಲ್ಲೇ ಒಂದನ್ನು ಇಟ್ಟುಕೊಳ್ಳಿ. ರೂಟರ್ ತನಕ ಎಲ್ಲ ಸರಿ, ಹೊರಗೆ ಮಾತ್ರ ನಿಧಾನ ಅಂದರೆ ಸಿಸಿಟಿವಿ ಡಿವಿಆರ್ ಕೇಬಲ್ ಕಿತ್ತು ನೋಡಿ. ಕ್ಯಾಮೆರಾ ರೆಕಾರ್ಡಿಂಗ್ ಕ್ಲೌಡ್‌ಗೆ ಹೋಗುತ್ತಾ ಅಪ್‌ಲೋಡ್ ಪೂರ್ತಿ ನುಂಗಿರಬಹುದು.

ಇನ್ನೂ ಕೆಟ್ಟದ್ದೂ ಉಂಟು. 2016ರ 'ಮಿರಾಯ್' ವೈರಸ್ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ, ಡಿವಿಆರ್‌ಗಳನ್ನೇ ಹಿಡಿದು ಬೇರೆಯವರ ವೆಬ್‌ಸೈಟ್‌ಗಳ ಮೇಲೆ ಟ್ರಾಫಿಕ್ ಸುರಿಸಿತ್ತು. ಆಫ್ ಮಾಡಿ ಆನ್ ಮಾಡಿದರೆ ಅದು ಹೋಗುತ್ತದೆ, ಪಾಸ್‌ವರ್ಡ್ ಹಳೆಯದೇ ಇದ್ದರೆ ಮತ್ತೆ ಅಂಟಿಕೊಳ್ಳುತ್ತದೆ. ಕ್ಯಾಮೆರಾ ಹಾಕಿದವರು ಇಟ್ಟು ಹೋದ ಪಾಸ್‌ವರ್ಡೇ ಇನ್ನೂ ಇದ್ದರೆ ಇವತ್ತೇ ಬದಲಿಸಿ.