ಚಿತ್ರದುರ್ಗ ಸೀಮೆ: ನೀರು ಮತ್ತು ಮಾರುಕಟ್ಟೆಗಾಗಿ ಸಜ್ಜಾಗಬೇಕಾದ ಜನ, ಸಂಸ್ಥೆಗಳು

ಪ್ರಾದೇಶಿಕ ಆರ್ಥಿಕ ಏಕೀಕರಣವನ್ನು ವಿವರಿಸುವಾಗ ಅರ್ಥಶಾಸ್ತ್ರದ ಗ್ರಂಥಗಳು ಸಾಮಾನ್ಯವಾಗಿ ಯುರೋಪಿಯನ್ ಒಕ್ಕೂಟವನ್ನೋ ಆಗ್ನೇಯ ಏಷ್ಯಾದ ಆಸಿಯಾನ್ ಕೂಟವನ್ನೋ ಉದಾಹರಿಸುತ್ತವೆ. ಆದರೆ ಸರಕು, ದುಡಿಮೆ ಮತ್ತು ಬಂಡವಾಳಗಳು ಒಂದು ಸೀಮೆಯಿಂದ ಇನ್ನೊಂದಕ್ಕೆ ಅಡೆತಡೆಯಿಲ್ಲದೆ ಸಾಗುವಂತಾಗುವ ಈ ಪ್ರಕ್ರಿಯೆ ರಾಜ್ಯದೊಳಗೂ ನಡೆಯುತ್ತದೆ. ಮಧ್ಯ ಕರ್ನಾಟಕದ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳು ಈಗ ಅದರ ನಡುವೆಯೇ ಇವೆ.

ಬೆಂಗಳೂರಿನಿಂದ ಪುಣೆಯತ್ತ ಹೋಗುವ ರಾಷ್ಟ್ರೀಯ ಹೆದ್ದಾರಿ 48 ಹಿರಿಯೂರು ಮತ್ತು ಚಿತ್ರದುರ್ಗಗಳನ್ನು ಹಾಯ್ದು ಸಾಗುತ್ತದೆ. ಹೊಸಪೇಟೆ, ವಿಜಯಪುರಗಳ ಹೆದ್ದಾರಿ ಚಿತ್ರದುರ್ಗದಲ್ಲೇ ಕವಲೊಡೆಯುತ್ತದೆ. ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ಜಂಕ್ಷನ್ ಬೆಂಗಳೂರು–ಹುಬ್ಬಳ್ಳಿ ರೈಲು ಮಾರ್ಗವನ್ನು ರಾಯದುರ್ಗ, ಬಳ್ಳಾರಿಗಳ ಮಾರ್ಗಕ್ಕೆ ಕೂಡಿಸುತ್ತದೆ. ಇಷ್ಟೆಲ್ಲ ದಾರಿಗಳು ಕೂಡುವ ಸೀಮೆ ಬಹುಕಾಲ ಹಿಂದುಳಿದೇ ಇದ್ದುದು ಯೋಚಿಸಬೇಕಾದ ಸಂಗತಿ. 2002ರಲ್ಲಿ ವರದಿ ಸಲ್ಲಿಸಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 35 ಸೂಚಕಗಳ ಆಧಾರದಲ್ಲಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು; ಅವುಗಳಲ್ಲಿ ಅತ್ಯಂತ ಹಿಂದುಳಿದ 39ರ ಪಟ್ಟಿಯಲ್ಲಿ ಹೊಸದುರ್ಗವೂ ಇತ್ತು. ಫಸಲು ಹೊರಗೆ ಹೋಗುವ ದಾರಿಯಲ್ಲೇ ಯುವಜನರೂ ಊರು ಬಿಟ್ಟು ಹೋಗುತ್ತಾರೆ. ಅವರ ಕೈಗೆ ಊರಿನಲ್ಲೇ ಕಸುಬು ಸಿಗದಿದ್ದರೆ ಹೆದ್ದಾರಿಯ ಲಾಭ ಅದರ ಎರಡು ತುದಿಗಳ ನಗರಗಳಿಗೇ ಸೇರುತ್ತದೆ.

ಸಾಮರ್ಥ್ಯ ವೃದ್ಧಿ ಎಂಬ ಮಾತಿಗೆ ಎರಡು ಮುಖಗಳಿವೆ: ದುಡಿಯುವವರಿಗೆ ಕೌಶಲ ಒದಗಿಸುವುದು ಒಂದು, ಆ ಕೌಶಲವನ್ನು ಬಳಸಿಕೊಳ್ಳಬಲ್ಲ ಸಂಘ, ಇಲಾಖೆ, ಮಾರುಕಟ್ಟೆ ಸಮಿತಿಗಳನ್ನು ಗಟ್ಟಿಗೊಳಿಸುವುದು ಇನ್ನೊಂದು. ಇವು ಒಂದನ್ನು ಬಿಟ್ಟು ಇನ್ನೊಂದು ನಡೆಯಲಾರವೆಂಬುದು ಈ ಸೀಮೆಯ ನೀರಾವರಿಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಮೈಸೂರು ಅರಸರ ಆಳ್ವಿಕೆಯಲ್ಲಿ 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿದ, ವೇದಾವತಿಗೆ ಅಡ್ಡಲಾಗಿರುವ ಮಾರಿಕಣಿವೆಯ ವಾಣಿವಿಲಾಸ ಸಾಗರ ಸುಮಾರು 30 ಟಿಎಂಸಿ ನೀರು ಹಿಡಿಯಬಲ್ಲದಾದರೂ, 1933ರ ನಂತರ ಅದು ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಈ ಕೊರತೆಯನ್ನು ನೀಗಿಸಲು ರೂಪುಗೊಂಡ ಭದ್ರಾ ಮೇಲ್ದಂಡೆ ಯೋಜನೆ ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ 2,25,515 ಹೆಕ್ಟೇರ್ ಭೂಮಿಗೆ ಸೂಕ್ಷ್ಮ ನೀರಾವರಿ ಒದಗಿಸುವ ಗುರಿ ಹೊಂದಿದೆ. ಸೂಕ್ಷ್ಮ ನೀರಾವರಿ ಎಂದರೆ ಹೊಲಕ್ಕೆ ನೀರು ಹಾಯಿಸುವ ಬದಲು ಕೊಳವೆಗಳ ಮೂಲಕ ಬೇರಿನ ಬುಡಕ್ಕೇ ಹನಿಸುವ ಅಥವಾ ತುಂತುರಾಗಿ ಚಿಮುಕಿಸುವ ಪದ್ಧತಿ.

ಕಾಲುವೆಯ ತೂಬು ಎತ್ತಿ ಇಳಿಸಲು ಒಬ್ಬ ನೀರಗಂಟಿ ಸಾಕಾಗಬಹುದು, ಆದರೆ ಪಂಪು, ಫಿಲ್ಟರ್, ವಾಲ್ವ್‌ಗಳ ಈ ಜಾಲಕ್ಕೆ ಒತ್ತಡವನ್ನು ಅಳೆಯಬಲ್ಲ, ಕಟ್ಟಿಕೊಂಡ ಹನಿಗೊಳವೆಯನ್ನು ಸರಿಪಡಿಸಬಲ್ಲ, ರಸಗೊಬ್ಬರವನ್ನು ನೀರಿನೊಡನೆ ಹದವರಿತು ಬೆರೆಸಬಲ್ಲ ಜನ ಊರೂರಿಗೂ ಬೇಕು. ಅವರಿಗೆ ಸಂಬಳ ಕೊಡುವ, ನೀರಿನ ಪಾಳಿ ನಿಗದಿಪಡಿಸುವ, ಕರ ಸಂಗ್ರಹಿಸಿ ಲೆಕ್ಕವಿಡುವ ಕೆಲಸ ರೈತರದೇ ಆದ ನೀರು ಬಳಕೆದಾರರ ಸಹಕಾರ ಸಂಘಗಳ ಮೇಲೆ ಬೀಳುತ್ತದೆ. ನೋಂದಣಿಯ ಕಾಗದದಲ್ಲಷ್ಟೇ ಇರುವ ಸಂಘ ಈ ಭಾರ ಹೊರಲಾರದು. ಹಿರಿಯೂರಿನ ಬಬ್ಬೂರು ಫಾರಂನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಹಿರಿಯೂರಿನಲ್ಲಿ ತೋಟಗಾರಿಕೆ ಕಾಲೇಜೂ ಇದೆ. ಪದವೀಧರರನ್ನು ರೂಪಿಸುವಷ್ಟೇ ಆಸ್ಥೆಯಿಂದ ಈ ಸಂಸ್ಥೆಗಳು ಎಸ್ಸೆಸ್ಸೆಲ್ಸಿ ಮುಗಿಸಿದ ಹಳ್ಳಿಯ ಹುಡುಗ ಹುಡುಗಿಯರಿಗೂ ಸಂಘಗಳ ಕಾರ್ಯದರ್ಶಿಗಳಿಗೂ ತರಬೇತಿ ಕೊಡಬೇಕಾದ ಕಾಲವಿದು.

ಮಾರುಕಟ್ಟೆಯ ಕಥೆಯೂ ಇದಕ್ಕೆ ಹತ್ತಿರದ್ದು. ಹೊಳಲ್ಕೆರೆ ಸೀಮೆಯ ಅಡಿಕೆಗೆ ಭೀಮಸಮುದ್ರ, ಚನ್ನಗಿರಿ, ಶಿವಮೊಗ್ಗಗಳ ದರವೇ ಅಳತೆಗೋಲು. ಹೊಸದುರ್ಗದ ತೆಂಗಿನ ಬೆಳೆಗಾರರ ಕಣ್ಣು ತಿಪಟೂರಿನ ಕೊಬ್ಬರಿ ಹರಾಜಿನ ಮೇಲೆ. ಚಿತ್ರದುರ್ಗ, ಹಿರಿಯೂರುಗಳ ಈರುಳ್ಳಿ ಲಾರಿಗಳು ಯಶವಂತಪುರಕ್ಕೆ ಹೋಗುತ್ತವೆ. ಹೀಗೆ ಚದುರಿದ ಮಾರುಕಟ್ಟೆಗಳನ್ನು ಬೆಸೆಯಲು ಕರ್ನಾಟಕ 2014ರಿಂದ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಜಾರಿಗೆ ತಂದಿತು, 2016ರಲ್ಲಿ ಕೇಂದ್ರ ಸರ್ಕಾರದ ಇ-ನಾಮ್ ಬಂತು. ಒಂದೇ ಪರವಾನಗಿಯ ಮೇಲೆ ದೂರದ ವರ್ತಕನೂ ಕಂಪ್ಯೂಟರಿನಲ್ಲಿ ದರ ನಮೂದಿಸುವುದು ಇದರ ತಿರುಳು. ಆದರೆ ಅಡಿಕೆಯಲ್ಲಿ ರಾಶಿ ಯಾವುದು, ಬೆಟ್ಟೆ ಯಾವುದು, ತೇವಾಂಶ ಎಷ್ಟು ಎಂಬುದನ್ನು ನಂಬಿಕೆಗೆ ಅರ್ಹವಾಗಿ ದಾಖಲಿಸುವ ಪರೀಕ್ಷಕರು ಎಪಿಎಂಸಿ ಪ್ರಾಂಗಣದಲ್ಲಿ ಇಲ್ಲದಿದ್ದರೆ ಮಾಲನ್ನು ಕಣ್ಣಾರೆ ಕಾಣದ ವರ್ತಕ ಧೈರ್ಯದಿಂದ ಕೂಗುವುದಿಲ್ಲ, ಮತ್ತು ಪರದೆಯ ಮೇಲಿನ ಹರಾಜು ಹಳೆಯ ಸ್ಥಳೀಯ ಖರೀದಿದಾರರ ನಡುವೆಯೇ ಮುಗಿಯುತ್ತದೆ.

ಗಣಿಗಾರಿಕೆ ಕಲಿಸಿದ ಪಾಠ ಕಹಿಯಾದದ್ದು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಜೊತೆಗೆ ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲೂ ಕಬ್ಬಿಣದ ಅದಿರು ಗಣಿಗಾರಿಕೆಯನ್ನು ತಡೆದಾಗ, ಪರಿಸರದ ದೃಷ್ಟಿಯಿಂದ ಆ ಆದೇಶ ಅನಿವಾರ್ಯವಾಗಿದ್ದರೂ, ಅದಿರಿನ ಲಾರಿಯನ್ನೇ ನೆಚ್ಚಿಕೊಂಡ ಚಾಲಕರಿಗೆ ಬೇರೊಂದು ಕಸುಬು ಕೈಯಲ್ಲಿರಲಿಲ್ಲ. ಗಣಿಬಾಧಿತ ಪ್ರದೇಶಗಳ ಪುನಶ್ಚೇತನಕ್ಕಾಗಿ ಸ್ಥಾಪಿತವಾದ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮದ ಬಳಿ ಇಂದು ಸಾವಿರಾರು ಕೋಟಿ ರೂಪಾಯಿಗಳ ಯೋಜನೆಗಳಿವೆ. ಇಂಥ ಹಣ ಬಂದಾಗ ರಸ್ತೆ ಮತ್ತು ಕಟ್ಟಡಗಳಿಗೆ ಮೊದಲ ಪಾಲು ಹೋಗುವುದು ಸಹಜ. ಆದರೆ ಹೊಸದುರ್ಗ, ಹೊಳಲ್ಕೆರೆಗಳ ಐಟಿಐಗಳಲ್ಲಿ ಹನಿ ನೀರಾವರಿ ಉಪಕರಣಗಳ ದುರಸ್ತಿ, ಅಡಿಕೆ ಮತ್ತು ಕೊಬ್ಬರಿಯ ಗುಣಮಟ್ಟ ಪರೀಕ್ಷೆ, ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳ ನಿರ್ವಹಣೆ ಇವುಗಳನ್ನು ಕಲಿಸುವ ಬೋಧಕರ ನೇಮಕಕ್ಕೂ ಅದರಲ್ಲೊಂದು ಭಾಗ ಮೀಸಲಾಗಬೇಕು. ಭದ್ರೆಯ ನೀರು ಹೊಲಗಳನ್ನು ಪೂರ್ಣವಾಗಿ ಮುಟ್ಟುವ ಮೊದಲೇ ಹೀಗೆ ಕಲಿತವರ ಮೊದಲ ತಂಡವನ್ನು ಸಿದ್ಧಗೊಳಿಸಲು ಜಿಲ್ಲೆಗೆ ಇನ್ನೂ ಅವಕಾಶವಿದೆ.